ಐದು ಮೀಟರ್ ಅಂಚು

ಟೈಲರ್ ಶಶಿರೇಖಾ ಲಂಗದ ಅಂಚನ್ನು ಎರಡನೇ ಸಲ ಬಿಚ್ಚಿ ಮುಗಿಸಿದಾಗ ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆಲ್ಲ ಐದನೇ ಕ್ಲಾಸಿನ ಕೀರ್ತನ ಅದನ್ನು ಹಾಕಿಕೊಂಡು ಸ್ಕೂಲ್ ಡೇಯಲ್ಲಿ ಕುಣಿಯಬೇಕು. ದುಂಡಗೆ ಕತ್ತರಿಸಿದ ಅಂಬ್ರೆಲಾ ಲಂಗ, ಅದೂ ಜಾರ್ಜೆಟ್ಟು. ಸುತ್ತ ಐದು ಮೀಟರ್ ಅಂಚನ್ನು ಸಣ್ಣಗೆ ಮಡಿಸಿ ಹೊಲಿಯಬೇಕು. ಹೊಲಿದಾಗಲೆಲ್ಲ ಅದು ಕರಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಇನ್ನೊಮ್ಮೆ ಬಿಚ್ಚಿದರೆ ಬಟ್ಟೆ ಎಳೆಎಳೆಯಾಗುವುದು ಖಂಡಿತ.

ಅದೇ ಹೊತ್ತಿಗೆ ಬಾಗಿಲಲ್ಲಿ ಕದಿರಮ್ಮ ಬಂದು ನಿಂತಳು. ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿ ಮುಚ್ಚಿದ ಮೇಲೆ ದೊಡ್ಡಬಳ್ಳಾಪುರದ ಟೈಲರ್ ಅಂಗಡಿಗಳನ್ನೆಲ್ಲ ಕೆಲಸ ಕೇಳುತ್ತಾ ಸುತ್ತುತ್ತಿದ್ದ ರಾಜಘಟ್ಟದ ಹೆಂಗಸು. ನಿನ್ನೆಯೂ ಬಂದಿದ್ದಳು. ಬ್ಲೌಸ್ ಕತ್ತರಿಸಲು ಬರುತ್ತದೆಯೇ ಎಂದರೆ ಇಲ್ಲ, ತೋಳು ಕೂರಿಸಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಇಪ್ಪತ್ತೆರಡು ವರ್ಷ ಮೆಷಿನ್ ತುಳಿದು ಒಂದು ಬ್ಲೌಸ್ ಬಾರದವಳನ್ನು ಇಟ್ಟುಕೊಂಡು ಮಾಡುವುದೇನು ಎಂದು ಶಶಿರೇಖಾ ನಕ್ಕು ಕಳಿಸಿದ್ದಳು.

"ಇವತ್ತು ಬೇಡ ಕದಿರಮ್ಮ, ನಂಗೆ ತಲೆ ಕೆಟ್ಟೋಗಿದೆ."

ಕದಿರಮ್ಮನ ಕಣ್ಣು ಲಂಗದ ಮೇಲಿತ್ತು. "ಎಳ್ದುಬಿಟ್ಟಿದ್ದೀರ ಕಣಮ್ಮ. ಇಲ್ ಕೊಡಿ."

"ಇದು ಬ್ಲೌಸ್‌ಗಿಂತ ಕಷ್ಟ."

"ಶರ್ಟ್ ಕೆಳಗೆ ದುಂಡಗಿರಲ್ವಾ, ಗಾರ್ಮೆಂಟ್ಸಲ್ಲಿ ಆ ಅಂಚು ಮಡಿಸೋದೊಂದೇ ನನ್ ಕೆಲ್ಸ. ದಿನಕ್ಕೆ ಐನೂರು ಶರ್ಟು."

ಬೇರೆ ದಾರಿಯಿರಲಿಲ್ಲ. ಶಶಿರೇಖಾ ಎದ್ದು ಜಾಗ ಬಿಟ್ಟಳು.

ಕದಿರಮ್ಮ ಮೊದಲು ಅಂಚಿನ ಸುತ್ತ ಒಂದು ಬರೀ ಹೊಲಿಗೆ ಓಡಿಸಿದಳು. ಆ ಗೆರೆ ಹಿಡಿದು ಬಟ್ಟೆಯನ್ನು ಹೆಬ್ಬೆರಳಿನಿಂದ ಮಡಿಸಿದಳು, ಅದರ ಮೇಲೆ ಇನ್ನೊಂದು ಮಡಿಕೆ. ಅಗಲ ಒಂದು ಅಕ್ಕಿಕಾಳಿನಷ್ಟು. ಪಿನ್ನಿಲ್ಲ, ಇಸ್ತ್ರಿಯಿಲ್ಲ. "ಎಳೀಬಾರ್ದು, ತಳ್ಳಲೂ ಬಾರ್ದು. ಸೂಜಿ ಕೇಳಿದಷ್ಟು ಕೊಡ್ಬೇಕು," ಎಂದು ಮೆಷಿನ್ ತುಳಿದಳು. ಕಣ್ಣು ಬೀದಿಯ ಕಡೆಗಿತ್ತು. ಕೈ ತನ್ನ ಪಾಡಿಗೆ ತಾನು ಬಟ್ಟೆಯನ್ನು ತಿರುಗಿಸಿಕೊಡುತ್ತಿತ್ತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಸೊಟ್ಟಗಾಗಲಿಲ್ಲ. ಹದಿನಾಲ್ಕು ವರ್ಷದಿಂದ ಬೋರ್ಡು ಹಾಕಿಕೊಂಡು ಕೂತಿದ್ದ ಶಶಿರೇಖಾ ಬಗ್ಗಿ ನೋಡತೊಡಗಿದಳು. ಇಂಥ ಕೈಯನ್ನು ಅವಳು ಕಂಡಿರಲಿಲ್ಲ. ನಿನ್ನೆ ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು.

ಮೂರೂವರೆಗೆ ಕೀರ್ತನ ಬಂದು ಲಂಗ ಹಾಕಿಕೊಂಡಳು.

"ನಾಳೆಯಿಂದ ಕೆಲ್ಸಕ್ಕೆ ಬನ್ನಿ ಕದಿರಮ್ಮ," ಎಂದಳು ಶಶಿರೇಖಾ.

ಕದಿರಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಒಂದ್ಸಲ ತಿರುಗು ಮಗಾ," ಎಂದಳು ಹುಡುಗಿಗೆ.

ಕೀರ್ತನ ಗಿರ್ರನೆ ತಿರುಗಿದಳು. ಲಂಗ ಅವಳ ಸುತ್ತ ಅರಳಿ ನಿಂತಿತು. ಐದು ಮೀಟರಿನಲ್ಲಿ ಒಂದು ಸುಕ್ಕಿಲ್ಲ.

ಕದಿರಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಇನ್ನೊಂದ್ಸಲ ತಿರುಗವ್ವ. ನಾನ್ ಹೊಲ್ದಿದ್ದೆಲ್ಲ ಡಬ್ಬಕ್ಕೆ ತುಂಬಿ ಫಾರಿನ್‌ಗೆ ಕಳಿಸ್ಬಿಡೋರು. ನಾನ್ ಹೊಲ್ದಿದ್ದನ್ನ ಒಬ್ರು ಹಾಕ್ಕೊಂಡಿರೋದ್ನ ಇವತ್ತೇ ನೋಡ್ತಿರೋದು."