ಕೊನೆಯ ತೊಲೆಯ ಮೇಲಿನ ಹೆಸರುಗಳು

ಮೇಸ್ತ್ರಿ ಕರ್ಟಿಸ್ ಬಿಳಿ ಬಣ್ಣದ ಪೆನ್ನು ಚಾಚಿದ. "ಬರಿಯೋ ರಮೀರೊ. ಎಲ್ಲರ ಹೆಸರೂ ಬಿತ್ತು, ನಿಂದೊಂದೇ ಬಾಕಿ." ರೈಲು ಸೇತುವೆಯ ಕೊನೆಯ ಉಕ್ಕಿನ ತೊಲೆ ಮೇಲೇರುವ ಮುನ್ನ ಕಟ್ಟಿದವರೆಲ್ಲ ಅದರ ಮೇಲೆ ಹೆಸರು ಬರೆಯುವುದು ಅವರ ರೂಢಿ.

"ಇದರ ಮೇಲೆ ಓಡೋ ಬುಲೆಟ್ ಟ್ರೇನು ನಮ್ಮೂರಲ್ಲಿ ನಿಲ್ಲಲ್ವಂತಲ್ಲ," ಎಂದ ರಮೀರೊ.

"ನಿಲ್ಲದಿದ್ರೇನು, ನಾಲ್ಕು ವರ್ಷ ಕೆಲಸ ಕೊಡ್ಲಿಲ್ವಾ?"

ಕೊಟ್ಟಿತ್ತು. ನಾಳೆಯಿಂದ ಅದೂ ಇಲ್ಲ. ರಮೀರೊ ಕಂಬದ ಬುಡ ನೋಡಿದ. ಹಿಂದೆ ಅಲ್ಲಿದ್ದ ದ್ರಾಕ್ಷಿ ಶೆಡ್ಡಿನಲ್ಲಿ ಅವನ ಹೆಂಡತಿ ಎಲ್ವಿರಾ ಊರಿನ ಬೇರೆ ಹೆಂಗಸರ ಜೊತೆ ಹತ್ತೊಂಬತ್ತು ವರ್ಷ ಪೆಟ್ಟಿಗೆ ತುಂಬಿದ್ದಳು. ಈ ಹಳಿಗಾಗಿ ಅದನ್ನು ಕೆಡವಿದ ವಾರವೇ ಅವನಿಗೆ ಇಲ್ಲಿ ಕೆಲಸ ಸಿಕ್ಕಿತ್ತು.

ಅವನು 'ಎಲ್ವಿರಾ' ಎಂದು ಬರೆದ. ಕೆಳಗೆ ಓಫೆಲಿಯಾ, ಚೇಲೊ, ನಿಯೆವೆಸ್. ಕ್ರೇನು ಕಾಯುತ್ತಿತ್ತು, ಅವನು ನಿಲ್ಲಿಸಲಿಲ್ಲ.

"ಯಾರೋ ಇವರೆಲ್ಲ? ನಮ್ಮ ಕೆಲಸದವರಲ್ವಲ್ಲ," ಎಂದ ಕರ್ಟಿಸ್.

ರಮೀರೊ ತಲೆ ಎತ್ತಲಿಲ್ಲ. "ಇಲ್ಲೇ ಕೆಲಸಕ್ಕಿದ್ರು."