ನೀರಣ್ಣನ ಕಲ್ಲು

ಪರದೆ ಕಟ್ಟಲೆಂದು ಕೂಲಿಯವನು ನೆಲಕ್ಕೆ ಹೊಡೆದ ಕಬ್ಬಿಣದ ಗೂಟ ನೇರ ಹೋಗಿ ನೀರಿನ ದೊಡ್ಡ ಪೈಪಿಗೇ ನಾಟಿತು. ನೋಡನೋಡುತ್ತಿದ್ದಂತೆ ನೀರು ಆಳೆತ್ತರ ಚಿಮ್ಮಿ, ಸಭೆಗೆ ಬಂದವರೆಲ್ಲ ಕುರ್ಚಿ ಬಿಟ್ಟು ದಿಕ್ಕಾಪಾಲಾದರು. ಮೂವತ್ತು ವರ್ಷ ಊರಿಗೆಲ್ಲ ನೀರು ಬಿಟ್ಟು, ಹೋದ ವರ್ಷ ತೀರಿಕೊಂಡ ನೀರಣ್ಣನ ನೆನಪಿನ ಕಲ್ಲನ್ನು ಅನಾವರಣ ಮಾಡುವ ದಿನವೇ ಹೀಗಾಗಬೇಕೇ!

ನೀರು ಇಳಿಜಾರು ಹಿಡಿದು ಆಸ್ಪತ್ರೆಯ ಕಡೆ ನುಗ್ಗಿತು. ನರ್ಸು ಓಡಿಬಂದು, ಬಾಣಂತಿಯರ ವಾರ್ಡಿನ ಹೊಸ್ತಿಲು ದಾಟಿದೆ, ಮಂಚದ ಕಾಲು ಮುಳುಗುತ್ತಿದೆ ಎಂದು ಬಾಯಿ ಬಡಿದುಕೊಂಡಳು. ಸಭೆಗೆ ಬಂದಿದ್ದ ನೀರು ಸರಬರಾಜಿನ ಎಂಜಿನಿಯರ್ ನಕ್ಷೆ ಬಿಚ್ಚಿದ. ನೀರು ನಿಲ್ಲಿಸುವ ವಾಲ್ವು ಇಲ್ಲೇ ಎಲ್ಲೋ ಇರಬೇಕು, ಆದರೆ ನಕ್ಷೆ ರಸ್ತೆ ಅಗಲ ಮಾಡುವುದಕ್ಕೂ ಮುಂಚಿನದು. ಅಗೆದ ಕಡೆಯೆಲ್ಲ ಬರೀ ಮಣ್ಣು.

ಮುಂದಿನ ಸಾಲಿನಲ್ಲಿ ಕೂತಿದ್ದ ನೀರಣ್ಣನ ಹೆಂಡತಿ ಮಾತ್ರ ಕದಲಲಿಲ್ಲ. ಅವಳ ಕಣ್ಣು ಕ್ಷೌರದಂಗಡಿಯ ಮೆಟ್ಟಿಲ ಮೇಲೆ ನೆಟ್ಟಿತ್ತು. ಗಂಡ ಊಟದ ಹೊತ್ತಿಗೆ ಮನೆಗೆ ಬಂದ ದಿನವೇ ಇಲ್ಲ. ಅವನು ವಾಲ್ವಿನ ಗುಂಡಿಗಿಳಿದಲ್ಲಿಗೆ ಊಟದ ಡಬ್ಬಿ ಹಿಡಿದು ಹೋಗುವುದೇ ಇವಳ ಪಾಡು. ಅದೇ ಮೆಟ್ಟಿಲ ಮೇಲೆ ಕೂತು ಕಾಯುವಾಗ, ನೇರ ಎದುರಿಗೆ ಎಂಟು ಹೆಜ್ಜೆ ದೂರದಲ್ಲಿ, ಅವನ ತಲೆ ಮಾತ್ರ ನೆಲದಿಂದ ಮೇಲೆ ಕಾಣುತ್ತಿತ್ತು. ಈಗ ಆ ಜಾಗದಲ್ಲಿ ನಿನ್ನೆಯಷ್ಟೇ ಕಟ್ಟಿದ ಗಾರೆಕಟ್ಟೆ. ಕಟ್ಟೆಯ ಮೇಲೆ ಕಲ್ಲು, ಕಲ್ಲಿನ ಮೇಲೆ ಅವನ ಹೆಸರು.

ಆ ಕಲ್ಲಿಗಾಗಿ ವರ್ಷವಿಡೀ ಕಚೇರಿ ಅಲೆದು ಅವಳ ಚಪ್ಪಲಿ ಸವೆದಿತ್ತು. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ವಾರ್ಡಿನಿಂದ ಕೂಸೊಂದು ಕಿಟಾರನೆ ಕಿರುಚಿತು.

"ಸಾರ್, ಆ ಕಟ್ಟೆ ಒಡೀರಿ. ವಾಲ್ವು ಅದರಡಿ ಇದೆ," ಎಂದಳು ಎದ್ದು ನಿಂತು.

ಎಂಜಿನಿಯರ್ ಬೆಪ್ಪಾದ. "ಅಮ್ಮಾ, ಅದು ನಿಮ್ಮ ಯಜಮಾನರ ಕಲ್ಲು..."

"ನಲ್ಲಿ ತೊಟ್ಟಿಕ್ಕಿದ್ರೂ ಅವ್ರಿಗೆ ನಿದ್ದೆ ಬರ್ತಿರ್ಲಿಲ್ಲ. ಒಡೀರಿ ಅಂದ್ನಲ್ಲ."

ಹಾರೆಗಳು ಬಿದ್ದವು. ಕಲ್ಲು ಎರಡಾಯಿತು, ಕಟ್ಟೆ ಪುಡಿಯಾಯಿತು, ಟಾರಿನಡಿ ಕಬ್ಬಿಣದ ಮುಚ್ಚಳ ಠಣ್ ಎಂದಿತು. ನಾಲ್ಕು ಜನ ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದರು. ಆಳೆತ್ತರದ ನೀರು ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು, ನಿಂತೇಹೋಯಿತು. ನೆಂದು ತೊಪ್ಪೆಯಾದ ಜನ ಹೋ ಎಂದು ಚಪ್ಪಾಳೆ ಹೊಡೆದರು. ಅವಳೂ ಅಳುತ್ತ ಅಳುತ್ತಲೇ ನಕ್ಕಳು.

ಎಂಜಿನಿಯರ್ ತಲೆ ಕೆರೆದುಕೊಳ್ಳುತ್ತ ಹತ್ತಿರ ಬಂದು, ಇದೇ ತಿಂಗಳಲ್ಲಿ ಬೇರೆ ಕಡೆ ಹೊಸ ಕಲ್ಲು ನಿಲ್ಲಿಸುವುದಾಗಿ ಮಾತು ಕೊಟ್ಟ.

"ನಿಲ್ಸಿ," ಎಂದಳು ಮುಖ ಒರೆಸಿಕೊಳ್ಳುತ್ತ. "ಆದ್ರೆ ಅಗೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿ. ಇನ್ನೂ ನಲವತ್ತು ಕಡೆ ಡಬ್ಬಿ ಕೊಟ್ಟಿದೀನಿ."