ನಳಿಗೆಯ ಮೇಲಿನ ಹೊಳಪು

“ಹೊಸದು ಅಂತ ಹಳೇ ಮಾಲು ತಲೆಗೆ ಕಟ್ಟಿದ್ದೀಯ! ನೋಡು, ಮೈತುಂಬ ಗೀರು,” ಎಂದು ವೆಂಡೆಲ್ ಹೋದ ತಿಂಗಳು ಕೊಂಡಿದ್ದ ಪಿಸ್ತೂಲಿನ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಮೊಂಟಾನಾದ ಆ ಊರಿನಲ್ಲಿ ಬಂದೂಕು ಮಾರುತ್ತಲೇ ತಲೆ ನರೆತಿದ್ದ ಓಟಿಸ್ ಪಿಸ್ತೂಲನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ.

“ಒಳಗಿನ ಗೆರೆಗಳು ಕಾರ್ಖಾನೆ ಯಂತ್ರದವು, ಹುಟ್ಟುಮಚ್ಚೆ ಇದ್ದಂಗೆ. ನಳಿಗೆ ಮೇಲಿನ ಈ ಹೊಳಪು ಮಾತ್ರ ನಿಂದೇ. ಮಸಿಯಿಲ್ಲ, ಅಂದ್ರೆ ಗುಂಡು ಹಾರಿಸಿಲ್ಲ. ಖಾಲಿ ಪಿಸ್ತೂಲಿನ ಮೇಲಿನ ಜಾರುಭಾಗಾನ ಹಿಂದಕ್ಕೆ ಎಳೆದೆಳೆದು ಬಿಟ್ಟು ಸವೆಸಿದ್ದೀಯ. ಕನ್ನಡಿ ಮುಂದೆ ನಿಂತು ಹೀರೋ ಆಗ್ತಿದ್ದೀಯೇನೋ?”

“ನಾನು ಡಬ್ಬಿ ತೆಗೆದಿದ್ದೇ ಇವತ್ತು, ಮಾರಾಯ.”

ಹಾಗೆಂದವನ ಮುಖ ನಿಧಾನವಾಗಿ ಬಿಳಿಚಿಕೊಂಡಿತು. ಅಣ್ಣ ಲೈಲ್ ತನ್ನ ಹೆಂಡತಿ ತೀರಿಕೊಂಡ ಮೇಲೆ ಇವನ ಮನೆಯ ನೆಲಮಾಳಿಗೆಯಲ್ಲೇ ಇದ್ದ. ಸಂಜೆಯಾದರೆ ಕೆಳಗಿನಿಂದ ಕೇಳಿಬರುತ್ತಿದ್ದ ಕಟಕ್ ಸದ್ದನ್ನು ವೆಂಡೆಲ್ ಇಷ್ಟು ದಿನ ಬಾಗಿಲ ಚಿಲಕದ್ದೆಂದುಕೊಂಡಿದ್ದ.

ಓಟಿಸ್ ಡಬ್ಬಿ ಮುಚ್ಚಿ ತನ್ನ ಕಡೆಗೆ ಎಳೆದುಕೊಂಡ. ಯಾರ ಯಾರದೋ ಮನೆಯ ಕೆಟ್ಟ ಕಾಲ ಕಳೆಯುವ ತನಕ ಇರಲೆಂದು ಅವರೇ ಕೊಟ್ಟುಹೋಗಿದ್ದ ಬಂದೂಕುಗಳು ಅವನ ಹಿಂದಿನ ಬೀರುವಿನಲ್ಲಿ ಇನ್ನೂ ಕೆಲವಿದ್ದವು.

“ಅಣ್ಣ ಕೇಳಿದ್ರೆ ಏನನ್ನಲಿ?”

“ಗೀರಿತ್ತು, ವಾಪಸ್ ಕೊಟ್ಟೆ ಅನ್ನು. ಆದ್ರೆ ಅವನು ಕೇಳೋ ತನಕ ಕಾಯ್ಬೇಡ ವೆಂಡೆಲ್. ಸಾಯೋ ಯೋಚನೆ ಏನಾದ್ರೂ ಇದೆಯಾ ಅಂತ ಇವತ್ತೇ ಹೋಗಿ ನೀನೇ ಅವನನ್ನ ಕೇಳು.”